ಮಾಸ್ತರಿಕೆಯ ತಾಲೀಮು

"ಮಾಸ್ತರಾಗೋದಕ್ಕೂ ಟ್ರೇನಿಂಗ್ ಬೇಕೇನ್ರೀ? ವಿಷಯ ಗೊತ್ತಿದ್ದರೆ ಸಾಲದೆ?" ಎಂಬ ಪ್ರಶ್ನೆ ನಮ್ಮಲ್ಲಿ ಅನೇಕರ ಬಾಯಲ್ಲಿದೆ. ಬಿ.ಎ., ಬಿ.ಎಸ್‌ಸಿ. ಮುಗಿಯುತ್ತ ಬಂದಂತೆ ಮನೆಯಲ್ಲಿ ಒಬ್ಬರಲ್ಲ ಒಬ್ಬರು "ಬಿ.ಎಡ್. ಮಾಡಿಬಿಡು, ಕೈಯಲ್ಲೊಂದು ಸರ್ಟಿಫಿಕೇಟು ಇರಲಿ" ಎನ್ನುವುದೂ ಉಂಟು. ಮೊದಲಿನವರಿಗೆ ತರಬೇತಿ ಬೇಡದ ವಸ್ತು. ಎರಡನೆಯವರಿಗೆ ಅದು ಬರಿಯ ಕಾಗದ. ಆ ತರಬೇತಿಯೊಳಗೆ ನಿಜಕ್ಕೂ ನಡೆಯುವುದೇನು, ಅದು ಹೊಸಬರನ್ನು ತರಗತಿಗೆ ಎಷ್ಟರಮಟ್ಟಿಗೆ ಸಜ್ಜುಗೊಳಿಸುತ್ತದೆ, ಎಲ್ಲಿ ನಡುನೀರಿನಲ್ಲಿ ಕೈಬಿಡುತ್ತದೆ ಎಂದು ನೋಡುವುದೇ ಈ ಲೇಖನದ ಉದ್ದೇಶ.

ಮೊದಲ ಪ್ರಶ್ನೆಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಒಂದು ಉತ್ತರ ಕೊಟ್ಟಿದ್ದಾರೆ. ವಕೀಲನಾಗುವವನು ಕೋರ್ಟನ್ನು, ವೈದ್ಯನಾಗುವವನು ಆಪರೇಶನ್ ಕೋಣೆಯನ್ನು ಹೊಸದಾಗಿ ನೋಡುತ್ತಾನೆ. ಆದರೆ ಶಿಕ್ಷಕನಾಗುವವನು ಹನ್ನೆರಡು ಹದಿನೈದು ವರ್ಷ ಬೆಂಚಿನ ಮೇಲೆ ಕುಳಿತು ಶಿಕ್ಷಕರನ್ನು ನೋಡಿಯೇ ಬಂದಿರುತ್ತಾನೆ. ಆದ್ದರಿಂದ ಈ ಕೆಲಸ ತನಗೆ ಗೊತ್ತೆಂದೇ ತಿಳಿದಿರುತ್ತಾನೆ. ಆದರೆ ಅವನು ನೋಡಿದ್ದು ಎದುರಿನಿಂದ ಮಾತ್ರ. ಯಕ್ಷಗಾನದ ಆಟವನ್ನು ನೂರು ರಾತ್ರಿ ನೋಡಿದವನೂ ಚೌಕಿಯೊಳಗೆ ಬಣ್ಣ ಹಚ್ಚುವುದನ್ನು ಕಂಡಿರುವುದಿಲ್ಲ, ಅಲ್ಲವೆ? ಮಾಸ್ತರರು ಪ್ರಶ್ನೆ ಕೇಳಿದ್ದು ನಮಗೆ ನೆನಪಿದೆ. ಆ ಪ್ರಶ್ನೆಯನ್ನು ಆ ಹುಡುಗನಿಗೇ ಏಕೆ ಕೇಳಿದರೆಂಬುದು ನಮಗೆ ಗೊತ್ತಿಲ್ಲ. ತಾಲೀಮಿಲ್ಲದೆ ಹಲಗೆಯ ಮುಂದೆ ನಿಂತವರು ತಮಗೆ ಅರಿವಿಲ್ಲದೆಯೇ ತಮ್ಮ ಹಳೆಯ ಮಾಸ್ತರರನ್ನು ಅನುಕರಿಸತೊಡಗುತ್ತಾರೆ. ಅವರ ಒಳ್ಳೆಯ ಗುಣಗಳ ಜೊತೆಗೆ ಬೆತ್ತವೂ ಬಂದುಬಿಡುತ್ತದೆ! 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಹಳೆಯ ರೂಢಿಯನ್ನು ಬಿಡಿಸಲು ಕಾಯಿದೆಯೊಂದೇ ಸಾಲದು, ತಾಲೀಮೂ ಬೇಕು.

ಸ್ವಲ್ಪ ಪೂರ್ವಕಥೆ

ಶಿಕ್ಷಕರ ತರಬೇತಿ ನಮಗೆ ಹೊಸದೇನಲ್ಲ. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದಾಗ, ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಧಾರವಾಡದ ಶಿಕ್ಷಕರ ತರಬೇತಿಯೊಡನೆಯೂ ಬೆಸೆದುಕೊಂಡಿದೆ. ಶಾಲೆ ಕನ್ನಡದ್ದಾಗಬೇಕಾದರೆ ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರು ಮೊದಲು ತಯಾರಾಗಬೇಕೆಂಬುದು ಅಂದಿನಿಂದಲೂ ನಿಜ.

ಇಂದಿನ ವ್ಯವಸ್ಥೆ ಹೀಗಿದೆ: ಹನ್ನೆರಡನೆಯ ತರಗತಿಯ ನಂತರ ಎರಡು ವರ್ಷದ ಡಿ.ಎಲ್.ಎಡ್.; ಪದವಿಯ ನಂತರ ಬಿ.ಎಡ್. ಇವುಗಳಿಗೆ ನಿಯಮ ಮಾಡುವುದು 1993ರ ಕಾಯಿದೆಯಂತೆ ಬಂದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು. ಒಂದೇ ವರ್ಷದ್ದಾಗಿದ್ದ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ಪದವಿಯನ್ನೂ ಬಿ.ಎಡ್.ಅನ್ನೂ ಒಟ್ಟಿಗೆ ನಾಲ್ಕು ವರ್ಷದಲ್ಲಿ ಮುಗಿಸುವ ಸಂಯೋಜಿತ ಕೋರ್ಸು 2023–24ರಿಂದ ಆಯ್ದ ಸಂಸ್ಥೆಗಳಲ್ಲಿ ಆರಂಭವಾಗಿದೆ. ಇಂಥ ನಾಲ್ಕು ವರ್ಷದ ಪದ್ಧತಿಯನ್ನು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ದಶಕಗಳ ಹಿಂದೆಯೇ ನಡೆಸಿ ತೋರಿಸಿತ್ತು. ಒಂದು ಎಚ್ಚರಿಕೆ: 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ ಒಂದರಿಂದ ಐದನೆಯ ತರಗತಿಗೆ ಬಿ.ಎಡ್. ಅರ್ಹತೆಯಾಗುವುದಿಲ್ಲ, ಡಿ.ಎಲ್.ಎಡ್. ಬೇಕು. ಸಣ್ಣ ಮಕ್ಕಳಿಗೆ ಓದು ಬರಹ ಹಚ್ಚುವುದು ಬೇರೆಯೇ ವಿದ್ಯೆಯೆಂಬುದು ಇದರ ಹಿಂದಿನ ವಿಚಾರ. ಒಂದರಿಂದ ಎಂಟರವರೆಗೆ ಕಲಿಸುವವರು ಟಿ.ಇ.ಟಿ. ಪರೀಕ್ಷೆಯನ್ನೂ ದಾಟಬೇಕು.

ಪಾಠದ ಟಿಪ್ಪಣಿ

ತರಬೇತಿಯಲ್ಲಿ ಮನಶ್ಶಾಸ್ತ್ರ, ಶಿಕ್ಷಣದ ತತ್ವ, ಮೌಲ್ಯಮಾಪನ ಎಂದು ಅನೇಕ ಪೇಪರುಗಳಿವೆ. ಅವನ್ನು ಓದಿ ಪಾಸಾಗಬಹುದು. ಆದರೆ ಹೊಸಬರ ಬೆವರಿಳಿಸುವುದು ಪಾಠದ ಟಿಪ್ಪಣಿ. ಇಲ್ಲಿನ ಮರಾಠಿ ಶಾಲೆಗಳಲ್ಲಿ 'ಟಾಚಣ' ಎನ್ನುತ್ತಾರಲ್ಲ, ಅದೇ. ಜರ್ಮನಿಯ ಹರ್ಬಾರ್ಟನ ಶಿಷ್ಯರು ರೂಪಿಸಿದ ಐದು ಮೆಟ್ಟಿಲುಗಳು — ಪೀಠಿಕೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ — ಬಹುಕಾಲ ಅದರ ಬೆನ್ನೆಲುಬಾಗಿದ್ದುವು. ಈಗ ಬೇರೆ ಮಾದರಿಗಳೂ ಬಂದಿವೆ. ಮಾದರಿ ಯಾವುದಾದರೂ ಇರಲಿ, ಟಿಪ್ಪಣಿ ಕೇಳುವ ಮುಖ್ಯ ಪ್ರಶ್ನೆ ಒಂದೇ: ಪಾಠ ಮುಗಿದ ಮೇಲೆ ಮಗು ಈಗ ಮಾಡಲಾರದ ಯಾವ ಕೆಲಸವನ್ನು ಮಾಡಬಲ್ಲುದು?

ಒಂದು ಉದಾಹರಣೆ ನೋಡೋಣ. ಹೊಸ ಶಿಕ್ಷಕಿಯೊಬ್ಬಳು "ಉದ್ದೇಶ: ಭಿನ್ನರಾಶಿಯನ್ನು ಅರ್ಥಮಾಡಿಸುವುದು" ಎಂದು ಬರೆಯುತ್ತಾಳೆ ಎನ್ನಿ. ಪ್ರಾಧ್ಯಾಪಕರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಅರ್ಥವಾಯಿತೆಂದು ನಿನಗೆ ಹೇಗೆ ಗೊತ್ತಾಗುತ್ತದಮ್ಮಾ? ಆಗ ಅವಳು ತಿದ್ದುತ್ತಾಳೆ: "1/3 ಮತ್ತು 1/4 — ಇವೆರಡರಲ್ಲಿ ದೊಡ್ಡದು ಯಾವುದೆಂದು ಮಗು ಹೇಳುವುದು, ಚಿತ್ರ ಬರೆದು ಕಾರಣ ತೋರಿಸುವುದು." ಈಗ ಅದು ಅಳೆಯಬಹುದಾದ ಉದ್ದೇಶವಾಯಿತು.

ಇನ್ನೂ ಮುಂದಿನ ಹೆಜ್ಜೆಯೆಂದರೆ ಮಗು ಎಲ್ಲಿ ಎಡವೀತೆಂದು ಮೊದಲೇ ಊಹಿಸುವುದು. ಬಹಳ ಮಕ್ಕಳು "1/4 ದೊಡ್ಡದು, ಯಾಕೆಂದರೆ 4 ದೊಡ್ಡದು" ಎನ್ನುತ್ತಾರೆ. ಇದು ದಡ್ಡತನವಲ್ಲ, ಆವರೆಗೆ ಕಲಿತ ಎಣಿಕೆಯ ನಿಯಮವನ್ನೇ ಮಗು ಇಲ್ಲಿಗೂ ಹಚ್ಚುತ್ತಿದೆ. "ತಪ್ಪು, ಕೂತ್ಕೋ" ಎಂದರೆ ಆ ನಿಯಮ ಹಾಗೆಯೇ ಉಳಿಯುತ್ತದೆ. ಒಂದು ಚಪಾತಿಯನ್ನು ಮೂವರಿಗೆ ಹಂಚಿದರೆ ನಿನಗೆ ಹೆಚ್ಚು ಸಿಗುತ್ತದೋ, ನಾಲ್ವರಿಗೆ ಹಂಚಿದರೋ ಎಂದು ಕೇಳಿದರೆ ಅದು ತಾನಾಗಿಯೇ ಕಳಚುತ್ತದೆ. ಇಂಥ ತಿಳಿವಳಿಕೆ ಗಣಿತದ ಪಂಡಿತರಿಗೂ ತಾನಾಗಿ ಬರುವುದಿಲ್ಲ. ವಿಷಯಜ್ಞಾನ ಬೇರೆ, ಆ ವಿಷಯವನ್ನು ಕಲಿಸುವುದರ ಜ್ಞಾನ ಬೇರೆ ಎಂದು ಲೀ ಶುಲ್ಮನ್ ಎಂಬ ವಿದ್ವಾಂಸರು 1986ರಲ್ಲಿ ವಾದಿಸಿದ್ದು ಇದನ್ನೇ. "ವಿಷಯ ಗೊತ್ತಿದ್ದರೆ ಸಾಲದೆ?" ಎಂಬವರಿಗೆ ಇದೇ ಉತ್ತರ.

ಆರು ನಿಮಿಷದ ಪಾಠ

ನಲವತ್ತು ನಿಮಿಷದ ಪಾಠದಲ್ಲಿ ಹೊಸಬರು ಏಕಕಾಲಕ್ಕೆ ಹತ್ತು ಕೆಲಸ ಮಾಡಬೇಕು. ಈಜು ಕಲಿಯುವವನನ್ನು ನೇರ ಸಮುದ್ರಕ್ಕೆ ನೂಕಿದ ಹಾಗೆ! ಅದಕ್ಕಾಗಿ 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ಸೂಕ್ಷ್ಮಬೋಧನೆಯೆಂಬ ಕ್ರಮವನ್ನು ರೂಪಿಸಿದರು. ಭಾರತದಲ್ಲಿ ರೂಢಿಯಾಗಿರುವ ಮಾದರಿಯಲ್ಲಿ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ತಿದ್ದುಪಡಿ, ಮತ್ತೆ 6 ನಿಮಿಷ ಅದೇ ಪಾಠ, ಮತ್ತೆ 6 ನಿಮಿಷ ವಿಮರ್ಶೆ — ಒಟ್ಟು 36 ನಿಮಿಷ. ಒಂದು ಸಲಕ್ಕೆ ಒಂದೇ ಕೌಶಲ: ಇವತ್ತು ಪೀಠಿಕೆ, ನಾಳೆ ಹಲಗೆಯ ಬರಹ, ನಾಡಿದ್ದು ಪ್ರಶ್ನೆ ಕೇಳುವುದು.

ವಿದ್ಯಾರ್ಥಿಗಳಾಗಿ ಕೂರುವವರು ಸಹಪಾಠಿಗಳೇ. ಮೀಸೆ ಬಂದ ಗೆಳೆಯ ಐದನೆಯ ತರಗತಿಯ ಹುಡುಗನಾಗಿ "ಗೊತ್ತಿಲ್ಲ ಸಾರ್" ಎಂದಾಗ ನಗು ತಡೆಯುವುದು ಕಷ್ಟವೇ. ಆದರೂ ಪ್ರಯೋಜನವಿದೆ. ಪ್ರಶ್ನೆ ಕೇಳುವುದನ್ನೇ ತೆಗೆದುಕೊಳ್ಳಿ. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆಂದು ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ. ಮೂರೇ ಸೆಕೆಂಡು! ಹೇಳುವುದು ಸುಲಭ, ಎದುರಿಗೆ ತರಗತಿ ಮೌನವಾಗಿರುವಾಗ ಮೂರು ಸೆಕೆಂಡು ಒಂದು ಯುಗದಂತೆ ಕಾಣುತ್ತದೆ. ಅದನ್ನು ಗಡಿಯಾರ ಹಿಡಿದ ಗೆಳೆಯರ ಮುಂದೆ ರೂಢಿ ಮಾಡಿಕೊಳ್ಳಬೇಕಾಗುತ್ತದೆ.

ಶಾಲೆಯ ಒಳಗೆ

ಕೊನೆಗೆ ನಿಜವಾದ ಶಾಲೆ. ಹಳೆಯ ಒಂದು ವರ್ಷದ ಬಿ.ಎಡ್.ನಲ್ಲಿ ಲೆಕ್ಕದ ಪಾಠಗಳನ್ನು ಕೊಟ್ಟು ಬರುವುದಿತ್ತು. 2014ರ ನಿಯಮಗಳು ಇದನ್ನು 20 ವಾರಗಳ ಶಾಲಾವಾಸವಾಗಿ ಬೆಳೆಸಿದುವು: ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಮೊದಲು ಹಿಂದಿನ ಬೆಂಚಿನಲ್ಲಿ ಕುಳಿತು ಅನುಭವಿ ಶಿಕ್ಷಕರನ್ನು ನೋಡುವುದು. ಆಮೇಲೆ ತಾವೇ ಪಾಠ ಮಾಡುವುದು. ಜೊತೆಗೆ ಪ್ರಶ್ನೆಪತ್ರಿಕೆ, ಹಾಜರಿ, ಪಾಲಕರ ಸಭೆ, ಕ್ರೀಡೆ, ಹಿಂದುಳಿದ ಒಂದು ಮಗುವಿನ ಅಧ್ಯಯನ. ಹದಿನಾರು ವಾರವಿದ್ದರೆ ಮಾತ್ರ ಸೋಮವಾರ ಕಲಿಸಿದ್ದು ಮುಂದಿನ ತಿಂಗಳು ಮಕ್ಕಳಲ್ಲಿ ಉಳಿದಿದೆಯೋ ಇಲ್ಲವೋ ಎಂದು ಕಣ್ಣಾರೆ ಕಾಣಬಹುದು. ಅತಿಥಿಯಾಗಿ ಒಂದು ಪಾಠ ಕೊಟ್ಟು ಹೋಗುವವರಿಗೆ ಆ ಕಹಿಸತ್ಯ ಎಂದೂ ಕಾಣದು.

ಇಷ್ಟೆಲ್ಲ ಚೆಂದವಾಗಿ ಎಲ್ಲೆಡೆ ನಡೆಯುತ್ತದೆಯೆ? ಇಲ್ಲ. ಮೇಲ್ವಿಚಾರಕರು ಬರುವ ದಿನ ಮಕ್ಕಳಿಗೆ ಮೊದಲೇ ಉತ್ತರ ಬಾಯಿಪಾಠ ಮಾಡಿಸಿ, ಅಂಗಡಿಯಿಂದ ತಂದ ಚಾರ್ಟು ತೂಗುಹಾಕಿ ಆಡುವ ನಾಟಕ ಬಹುಜನರಿಗೆ ಗೊತ್ತಿದ್ದದ್ದೇ. ಹಾಜರಿಯೇ ಬೇಡ, ಫೀ ಕೊಟ್ಟರೆ ಸಾಕೆನ್ನುವ ಕಾಲೇಜುಗಳೂ ಇವೆ. ನಮ್ಮ ಮಹಾರಾಷ್ಟ್ರದ 291 ಡಿ.ಎಡ್. ಸಂಸ್ಥೆಗಳ ಮಾನ್ಯತೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅದರಿಂದಲೇ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ ನೇಮಕವಾಯಿತು. 2012ರಲ್ಲಿ ಬಂದ ಅದರ ವರದಿ ತರಬೇತಿ ಸಂಸ್ಥೆಗಳ ಗುಣಮಟ್ಟದ ಬಗ್ಗೆ ಕಳವಳಪಟ್ಟು, ಅವಧಿ ಹೆಚ್ಚಿಸಿ ತರಬೇತಿಯನ್ನು ಬಲಪಡಿಸಬೇಕೆಂದಿತು. ಎರಡು ವರ್ಷದ ಬಿ.ಎಡ್. ಬಂದದ್ದು ಈ ಹಿನ್ನೆಲೆಯಲ್ಲಿಯೇ. ಆದರೆ ಒಂದು ವರ್ಷದ ಸೋಗನ್ನು ಎರಡು ವರ್ಷ ಹಾಕಿದರೆ ಲಾಭವಿಲ್ಲವೆಂಬುದು ಬೇರೆ ಹೇಳಬೇಕಾಗಿಲ್ಲ.

ನಮ್ಮ ತರಗತಿಯ ಮಾತು

ಈಗ ನಮಗೆ ಹತ್ತಿರದ ವಿಷಯಕ್ಕೆ ಬರೋಣ. ಮುಂಬಯಿಯ ಕನ್ನಡ ಮಾಧ್ಯಮದ ತರಗತಿ ಧಾರವಾಡದ್ದೂ ಅಲ್ಲ, ಮೈಸೂರಿನದ್ದೂ ಅಲ್ಲ. ಒಂದು ಮಗುವಿನ ಮನೆಮಾತು ತುಳು, ಇನ್ನೊಂದರದು ಕಲಬುರಗಿಯ ಕನ್ನಡ, ಮತ್ತೊಂದರದು ಕೊಂಕಣಿ; ಬೀದಿಯಲ್ಲಿ ಎಲ್ಲರದೂ ಹಿಂದಿ, ಮರಾಠಿ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕದ ಭಾಷೆ ಇದಾವುದೂ ಅಲ್ಲ. "ಅಂವ ಊರಿಗಿ ಹೋಗ್ಯಾನ್ರೀ" ಎಂದ ಮಗುವನ್ನು "ಶುದ್ಧವಾಗಿ ಮಾತಾಡು" ಎಂದು ಗದರಿದರೆ ಅದು ಕಲಿಯುವುದು ಶುದ್ಧ ಕನ್ನಡವನ್ನಲ್ಲ, ಸುಮ್ಮನಿರುವುದನ್ನು. ಮನೆಯ ಮಾತು ತಪ್ಪಲ್ಲ, ಪುಸ್ತಕದ ಮಾತು ಅದರ ಪಕ್ಕದ ಇನ್ನೊಂದು ಮಾತು ಎಂದು ತೋರಿಸಿಕೊಡುವುದೇ ಇಲ್ಲಿನ ಶಿಕ್ಷಕರ ಮೊದಲ ಕೆಲಸ.

"ಗೊತ್ತಿದ್ದುದರಿಂದ ಗೊತ್ತಿಲ್ಲದುದರ ಕಡೆಗೆ" ಎಂಬುದು ತರಬೇತಿಯ ಹಳೆಯ ಸೂತ್ರ. ಇಲ್ಲಿನ ಮಗುವಿಗೆ ಗೊತ್ತಿರುವುದೇನು? ಭಾಜಿವಾಲಾನ ಹತ್ತಿರ 'ಪಾವ್ ಕಿಲೋ' ಟೊಮೆಟೊ ತಂದದ್ದು ಗೊತ್ತು. ಆ 'ಪಾವ್' ನಮ್ಮ 'ಕಾಲು'. ಮೂರು ಕಾಲು ಸೇರಿದರೆ 'ಮುಕ್ಕಾಲು'. 3/4 ಎಂಬುದರ ಅರ್ಥ ಕನ್ನಡದ ಆ ಒಂದೇ ಪದದೊಳಗೆ ಕೂತಿದೆ! ಮರಾಠಿಯ ಬಜಾರನ್ನೂ ಕನ್ನಡದ ಪದವನ್ನೂ ಬಲ್ಲ ಶಿಕ್ಷಕಿ ಇದನ್ನು ಹತ್ತು ನಿಮಿಷದಲ್ಲಿ ಕಾಣಿಸಬಲ್ಲಳು. ಇದು ಯಾವ ಬಿ.ಎಡ್. ಪುಸ್ತಕದಿಂದಲೂ ನೇರವಾಗಿ ಸಿಗುವಂಥದಲ್ಲ. ಈ ಊರಲ್ಲಿ ಬೆಳೆದು, ಎರಡೂ ಮಾತು ಬಲ್ಲ ನಮ್ಮಂಥವರ ಕೈಯಲ್ಲಿ ಮಾತ್ರ ಇರುವ ಬಂಡವಾಳ ಇದು. ಅಂಥವರು ತಾಲೀಮು ಪಡೆದು ಬರದಿದ್ದರೆ ಕನ್ನಡ ತರಗತಿಗೆ ತಾಯಿತಂದೆ ಮಕ್ಕಳನ್ನು ಏಕೆ ಕಳಿಸಿಯಾರು? ಅಲ್ಲಿ ಕಲಿಸುವುದು ಚೆನ್ನಾಗಿದೆಯೆಂಬ ನಂಬಿಕೆ ಹೋದರೆ, ಉಳಿದ ಯಾವ ಭಾಷಾಭಿಮಾನದ ಭಾಷಣವೂ ಆ ಬೆಂಚುಗಳನ್ನು ತುಂಬಲಾರದು.

ಆದ್ದರಿಂದ ಈ ದಾರಿ ಹಿಡಿಯಬೇಕೆನ್ನುವ ಗೆಳೆಯ ಗೆಳತಿಯರು ಕಾಲೇಜು ಆರಿಸುವಾಗ ನಾಲ್ಕು ಮಾತು ಕೇಳಿ. ಪರಿಷತ್ತಿನ ಮಾನ್ಯತೆ ಈ ವರ್ಷವೂ ಇದೆಯೆ? ನಿಯಮಗಳು ಆಗಾಗ ಬದಲಾಗುವುದರಿಂದ ಇದನ್ನು ಸ್ವತಃ ನೋಡಿಕೊಳ್ಳಬೇಕು. ಕನ್ನಡವನ್ನು ಬೋಧನಾ ವಿಷಯವಾಗಿ ತೆಗೆದುಕೊಳ್ಳಲು ಆಸ್ಪದವಿದೆಯೆ? ಶಾಲಾವಾಸಕ್ಕೆ ಕಳಿಸುವುದು ಯಾವ ಶಾಲೆಗೆ, ಅಲ್ಲಿ ಕನ್ನಡ ತರಗತಿ ಸಿಗುವುದೆ? ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ನಾನು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕುಳಿತು, ಆಮೇಲೆ ನನ್ನ ಟಿಪ್ಪಣಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವವರು ಯಾರಾದರೂ ಇದ್ದಾರೆಯೆ? ಇದ್ದರೆ, ಕಟ್ಟಡ ಹಳೆಯದಾದರೂ ಚಿಂತೆಯಿಲ್ಲ, ಅಲ್ಲಿ ಸೇರಿ.