ಎಳ್ಳಮವಾಸ್ಯೆಯ ಚರಗ: ಉಣ್ಣೂದೂ ಆಯ್ತು, ಹೊಲ ನೋಡೂದೂ ಆಯ್ತು

ನಮ್ಮ ವಿಜಯಪುರ ಸೀಮೆಯ ಎರೆಹೊಲದ ರೈತರಿಗೆ ಚಳಿಗಾಲ ಅಂದ್ರೆ ಅರ್ಧ ಬಿಡುವು, ಅರ್ಧ ಚಿಂತಿ. ಉತ್ತರಿ ಮಳೆಗೋ ಹಸ್ತ ಮಳೆಗೋ ಬಿಳಿಜೋಳ ಬಿತ್ತಿ, ಎರಡು ಮೂರು ಸಲ ಎಡೆ ಹೊಡೆದು ಮುಗಿಸಿರುತ್ತೇವೆ. ಮುಂದೆ ಮಳೆ ಬರೂದಿಲ್ಲ, ನೀರು ಹಾಯಿಸಬೇಕೆಂದರೆ ಬಾವಿ ಇಲ್ಲ. ನೆಲದಾಗ ಉಳಿದ ತೇವ, ಮ್ಯಾಲೆ ಬೀಳೂ ಇಬ್ಬನಿ, ಇಷ್ಟರ ಮೇಲೆಯೇ ಜೋಳ ತೆನೆ ಕಟ್ಟಬೇಕು. ಇಂಥ ಹೊತ್ತಿನಲ್ಲಿ ಮಾರ್ಗಶಿರ ಮಾಸದ ಕೊನೆಗೆ ಬರುವುದು ಎಳ್ಳಮವಾಸ್ಯೆ. ಆ ದಿನ ಮನೆಮಂದಿಯೆಲ್ಲಾ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಊಟ ಮಾಡಿ ಬರುತ್ತೇವೆ.

ತೆನೆ ಹೊರಡುವ ಬೆಳೆಗೆ ನಮ್ಮಲ್ಲಿ ಬಸುರಿ ಅನ್ನುತ್ತಾರೆ. ಬಸುರಿ ಹೆಣ್ಣುಮಗಳಿಗೆ ಬಯಕೆ ಊಟ ಒಯ್ದಂಗ ಭೂತಾಯಿಗೆ ಒಯ್ಯುವ ಊಟವೇ ಚರಗ. ಹೊಲದ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತೇವೆ. ಒಯ್ದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ, ಒಬ್ಬರು ಕೂಗುತ್ತ ಚೆಲ್ಲಿದರೆ ಹಿಂದಿನವರು ನೀರು ಹಾಕುತ್ತ ಹೋಗುತ್ತಾರೆ. ಆಮೇಲೇ ನಮ್ಮ ಊಟ.

ಬುತ್ತಿಯೊಳಗೆ ಏನೇನು

ನಮ್ಮ ಅವ್ವ ವಾರ ಮೊದಲೇ ತಯಾರಿಗೆ ಕೂಡುತ್ತಿದ್ದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿ ಪಲ್ಲೆ, ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ, ಗಡಿಗೆ ಮೊಸರು. ಎಳ್ಳು, ಸಜ್ಜಿ, ಶೇಂಗಾ ಎಲ್ಲಾ ಚಳಿಗೆ ಮೈ ಕಾಸುವಂಥವು. ಒಣಬೇಸಾಯದಾಗ ಬೆಳೆಯುವಂಥವೂ ಅವೇ. ಅಂಗಡಿಯಿಂದ ತಂದದ್ದು ಬೆಲ್ಲ, ಉಪ್ಪು, ಅಷ್ಟೇ.

ಹಸಿ ಪಲ್ಲೆ ಮಾತ್ರ ಹೊಲದಾಗ ಸಿಗುತ್ತಿತ್ತು. ಜೋಳದ ನಡುವೆ ಅಕ್ಕಡಿಯಾಗಿ ಹಾಕಿದ ಕಡಲೆಯ ಎಳೆ ಕುಡಿ ಹರಿದು ರೊಟ್ಟಿ ಕೂಡ ಕಡಿಯೋದು. ಕಡಲೆ ಎಲೆಯ ಮ್ಯಾಲಿನ ಹುಳಿ ನಾಲಿಗೆಗೆ ಹತ್ತಿದರೆ ಎರಡು ರೊಟ್ಟಿ ಹೆಚ್ಚಿಗೆ ಹೋಗುತ್ತಿದ್ದವು. ನಮ್ಮ ಅಜ್ಜಿ ರಾತ್ರಿ ಕಡಲೆ ಹೊಲದ ಮೇಲೆ ತೆಳು ಅರಿವೆ ಹಾಸಿ, ಬೆಳಗಿನಾಗ ಹಿಂಡಿ ಆ ಹುಳಿ ಸೀಸೆ ತುಂಬಿ ಇಡುತ್ತಿದ್ದಳು. ಹೊಟ್ಟೆನೋವಿಗೆ ಅದೇ ಮನೆಮದ್ದು.

ಅಪ್ಪ ಕೊಲ್ಲಾರಿ ಬಂಡಿ ಕಟ್ಟುತ್ತಿದ್ದ. ಎತ್ತಿಗೆ ಝೂಲ, ಕೊರಳಿಗೆ ಗೆಜ್ಜೆಸರ. ಹೊಲ ಇಲ್ಲದ ಓಣಿಯವರನ್ನೂ, ಬೇರೆ ಸೀಮೆಯಿಂದ ಬಂದ ಸಾಲಿ ಮಾಸ್ತರರನ್ನೂ ಕರೆದು ಹತ್ತಿಸಿಕೊಳ್ಳುತ್ತಿದ್ದ. ದಾರಿಯಲ್ಲಿ ಹೋಗುವವರನ್ನು ಕೂಡ ಕೂಗಿ ಕರೆದು ಉಣ್ಣಿಸಬೇಕು, ಇಲ್ಲದಿದ್ದರೆ ಚರಗ ಪೂರಾ ಆಗಲಿಲ್ಲ ಅನ್ನೋದು ಅವ್ವನ ಲೆಕ್ಕ.

ಊಟ ಆದ ಮೇಲಿನ ಸುತ್ತು

ಹೆಣ್ಣುಮಕ್ಕಳು ಗಿಡದ ನೆರಳಿಗೆ ಕೂತಾಗ ಅಪ್ಪ ನಮ್ಮನ್ನು ಕರಕೊಂಡು ಹೊಲದ ನಾಲ್ಕೂ ಬದು ಸುತ್ತುತ್ತಿದ್ದ. ನನಗದು ಏಳನೇತ್ತೆ ಮುಗಿದ ಮೇಲಿನ ಸಾಲಿ. ನೆಲ ಬಿರಿತು ಬಿಟ್ಟಲ್ಲಿ ಕೈ ಹಾಕಿ ಎಷ್ಟು ಆಳಕ್ಕೆ ತಂಪು ಹತ್ತುತ್ತದೆ ಅಂತ ನೋಡಿಸುತ್ತಿದ್ದ. ಎಡೆ ಹೊಡೆದ ಸಾಲಿನಲ್ಲಿ ಬಿರುಕು ಕಡಿಮೆ, ಬಿಟ್ಟ ಸಾಲಿನಲ್ಲಿ ಅಂಗೈ ಹೋಗುವಷ್ಟು ಬಿರುಕು. ಮೇಲಿನ ಮಣ್ಣು ಪುಡಿ ಮಾಡಿಟ್ಟರೆ ಕೆಳಗಿನ ತೇವ ಹಾರುವುದಿಲ್ಲ ಎಂಬುದನ್ನು ಪುಸ್ತಕ ಇಲ್ಲದೆ ಕಲಿತದ್ದು ಹಿಂಗ.

ಎಲೆ ಹೊರಳಿಸಿ ಹೇನು ಬಿದ್ದಿದೆಯೇ, ಜೋನಿ ಅಂಟುತ್ತದೆಯೇ ನೋಡೋದು. ಗುಲಗಂಜಿ ಹುಳ ಕಂಡರೆ "ಮುಟ್ಟಬ್ಯಾಡ್ರಿ, ಅದು ನಮ್ಮ ಆಳು" ಅನ್ನುತ್ತಿದ್ದ. ಆ ಹುಳ ಹೇನು ತಿನ್ನುತ್ತದೆ. ದಂಟಿನ ಬುಡ ಕಪ್ಪಾಗಿ ಟೊಳ್ಳಾಗಿದೆಯೇ ಎಂದು ಒತ್ತಿ ನೋಡೋದು. ತೆನೆ ಕಟ್ಟುವಾಗ ತೇವ ಕಮ್ಮಿಯಾದರೆ ಆ ರೋಗ ಬಂದು ದಂಟು ಮಲಗುತ್ತದೆ. ಹಬ್ಬದ ನೆವದಲ್ಲಿ ವರ್ಷಕ್ಕೊಮ್ಮೆ ಮನೆಯವರೆಲ್ಲರ ಕಣ್ಣು ಹೊಲದ ಮೇಲೆ ಬೀಳುತ್ತಿತ್ತು.

2023ರ ಬರದಾಗ

2023ರಲ್ಲಿ ಮಳೆ ಕೈಕೊಟ್ಟಿತು. ಆರು ಎಕರೆಯಲ್ಲಿ ನಾಲ್ಕೇ ಬಿತ್ತಿದೆವು. ಜೋಳ ಸೊಂಟದುದ್ದ ಬಂದು ನಿಂತುಬಿಟ್ಟಿತು. ಆ ಸಲ ಎಳ್ಳಮವಾಸ್ಯೆ 2024ರ ಜನವರಿ 11ಕ್ಕೆ ಬಂತು. ನನ್ನ ತಮ್ಮ, "ಏನ್ ನೋಡಾಕ ಹೋಗೂಣೋ ಯಣ್ಣಾ, ಒಣಗಿದ್ದು ನೋಡಾಕನು?" ಅಂದ. ಅವ್ವ ಒಳಗಿನಿಂದಲೇ ಅಂದಳು: "ಮಗಳು ಸೊರಗ್ಯಾಳಂತ ಉಡಿ ತುಂಬೂದು ಬಿಡ್ತಾರೇನೋ?" ಮುಂದೆ ಯಾರೂ ಮಾತಾಡಲಿಲ್ಲ. ಹೋಳಿಗೆ ಕಡಿಮೆ ಮಾಡಿ, ರೊಟ್ಟಿ ಹಿಂಡಿ ಕಟ್ಟಿಕೊಂಡು ಹೋದೆವು.

ಹೋದದ್ದಕ್ಕೆ ಎರಡು ಕಂಡವು. ಒಂದು, ಅಕ್ಕಡಿ ಹಾಕಿದ ಕುಸುಬಿ ಸಾಲು ಇನ್ನೂ ಹಸಿರಿತ್ತು. ಅದರ ತಾಯಿಬೇರು ಬಹಳ ಆಳಕ್ಕಿಳಿಯುತ್ತದೆ. ಇನ್ನೊಂದು, ಜೋಳದಾಗ ಕಾಳು ಬರೂದಿಲ್ಲ ಅನ್ನೋದು ಖಾತ್ರಿಯಾಯಿತು, ಆದರೆ ರವದಿ ಪೂರಾ ಒಣಗಿರಲಿಲ್ಲ. ಅಲ್ಲೇ ಬದುವಿನ ಮೇಲೆ ಕೂತು, ನಾಳೆಯೇ ಕೊಯ್ದು ಮೇವು ಮಾಡೋದೆಂದು ಗಟ್ಟಿ ಮಾಡಿದೆವು. ಹದಿನೈದು ದಿನ ತಡೆದಿದ್ದರೆ ಅದೂ ಸುಂಕಾಗಿ ಹೋಗುತ್ತಿತ್ತು.

ಇಲ್ಲಿ ಒಂದು ಮಾತು ಎಲ್ಲರೂ ನೆನಪಿಡಬೇಕು. ನೀರಿಲ್ಲದೆ ಬಾಡಿದ ಜೋಳವನ್ನು, ಅದರಲ್ಲೂ ಎಳೆಯದನ್ನು, ದನಕ್ಕೆ ಹಸಿಯಾಗಿ ಮೇಯಿಸಬಾರದು. ಅದರಲ್ಲಿ ವಿಷ ಕೂಡಿರುತ್ತದೆ, ದನ ನಿಂತಲ್ಲೇ ಬೀಳಬಹುದು. ಕೊಯ್ದು ಚೆನ್ನಾಗಿ ಒಣಗಿಸಿದ ಮೇಲೆ ಆ ಭಯ ಬಹಳ ಕಡಿಮೆ. ನಾವು ಹಾಗೆ ಒಣಗಿಸಿ ಬಣವಿ ಹಾಕಿದೆವು. ಓಣಿಯಲ್ಲಿ ಮೇವಿಲ್ಲದೆ ಎತ್ತು ಸಂತೆಗೆ ಹೋದವು, ನಮ್ಮ ಜೋಡಿ ಉಳಿಯಿತು.

ಸೀತನಿ ಯಾವಾಗ?

ಚಳಿಗಾಲದ ಇನ್ನೊಂದು ಸುಖ ಸೀತನಿ. ಕಾಳು ಹಾಲುತುಂಬಿ ಇನ್ನೂ ಗಟ್ಟಿಯಾಗದ ತೆನೆಯನ್ನು ಕುಳ್ಳಿನ ಕೆಂಡದಾಗ ಸುಟ್ಟು, ಬಡಿದು ತಿಕ್ಕಿ, ಬುಟ್ಟಿಯಲ್ಲಿ ಕೇರಿ, ಬಿಸಿ ಬಿಸಿ ಕಾಳನ್ನು ಶೇಂಗಾ ಹಿಂಡಿ, ಬೆಲ್ಲ, ಮೊಸರು ಕೂಡ ತಿನ್ನೋದು. ಅಮವಾಸ್ಯೆ ದಿನವೇ ಸೀತನಿ ಸಿಗಬೇಕೆಂದಿಲ್ಲ. ಚಾಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದು. ಅದಕ್ಕೇ ಎಳ್ಳಮವಾಸ್ಯೆ 2024ರ ಜನವರಿ 11ಕ್ಕೆ ಬಂದದ್ದು, ಮುಂದಿನದು 2024ರ ಡಿಸೆಂಬರ್ 30ಕ್ಕೆ, ಅದರ ಮುಂದಿನದು 2025ರ ಡಿಸೆಂಬರ್ 19ಕ್ಕೆ ಬಂತು. 2026ರ ಅಧಿಕ ಜ್ಯೇಷ್ಠದಿಂದ ಮತ್ತೆ ಜನವರಿಗೆ ಸರಿಯುತ್ತದೆ. ಹಬ್ಬ ಬೇಗ ಬಂದ ವರ್ಷ ನಾವು ಸಂಕ್ರಾಂತಿ ಹೊತ್ತಿಗೆ ಇನ್ನೊಮ್ಮೆ ಹೊಲಕ್ಕೆ ಹೋಗುತ್ತೇವೆ. ಭೋಗಿ ದಿನ ಸಜ್ಜಿ ರೊಟ್ಟಿ, ಭರ್ತ ಕಟ್ಟಿಕೊಂಡು ಸೀತನಿಗೆ. ಮರುದಿನ ಕೃಷ್ಣಾ-ಮಲಪ್ರಭಾ ಕೂಡುವ ಕೂಡಲಸಂಗಮಕ್ಕೆ ಮೀಯಲು. ಬಡವರ ಪ್ರವಾಸ ಅಂದ್ರೆ ಇಷ್ಟೇ, ಖರ್ಚು ಬಸ್ಸಿನದು.

ಜೋಳ ಹೋದರೆ

ಈಗ ನಮ್ಮೂರಾಗ ಜೋಳದ ಹೊಲ ವರ್ಷ ವರ್ಷ ಕಮ್ಮಿ. ನಮ್ಮ ಮಾಲದಂಡಿ ಜೋಳವನ್ನು ಬೇರುಸಹಿತ ಕೈಯಿಂದ ಕೀಳಬೇಕು, ತೆನೆ ಮುರಿಯಬೇಕು, ಆಳು ಸಿಗುವುದಿಲ್ಲ. ತೊಗರಿ, ಕಡಲೆಗೆ ಪೇಟೆಯೂ ಐತಿ, ದುಡಿಮೆಯೂ ಕಡಿಮೆ. ಅವರನ್ನು ಬೈಯುವಂತಿಲ್ಲ, ನಾನೂ ಎರಡು ಎಕರೆ ಕಡಲೆ ಹಾಕುತ್ತೇನೆ. ಆದರೆ ಜೋಳ ಹೋದರೆ ಕಣಕಿ ಹೋಯಿತು, ಕಣಕಿ ಹೋದರೆ ಎತ್ತು ಹೋದವು, ಎತ್ತು ಹೋದರೆ ಗೊಬ್ಬರ ಹೋಯಿತು. ಸೀತನಿಯಂತೂ ದುಡ್ಡು ಕೊಟ್ಟು ತಿನ್ನಬೇಕು.

ಅದಕ್ಕೆ ನಾವು ಅಣ್ಣತಮ್ಮಂದಿರು ಮಾತಾಡಿಕೊಂಡು ಬನ್ನಿ ಗಿಡದ ಕಡೆಯ ಎರಡು ಎಕರೆ ಜೋಳಕ್ಕೇ ಬಿಟ್ಟಿದ್ದೇವೆ. ಆರು ಸಾಲಿಗೊಂದು ಕುಸುಬಿ, ಬದುವಿಗೆ ಅಗಸಿ. ಕೀಳುವಾಗ ನಾಲ್ಕು ಮನೆಯವರು ಸೇರಿ ಮುಯ್ಯಾಳು ಮಾಡಿಕೊಳ್ಳುತ್ತೇವೆ, ಕೂಲಿಯ ಮಾತಿಲ್ಲ. ಬೆಂಗಳೂರಿನಲ್ಲಿರುವ ಮಗ ಎಳ್ಳಮವಾಸ್ಯೆಗೆ ರಜೆ ಹಾಕಿ ಬರುತ್ತಾನೆ. ಹೋದ ಸಲ ಮೊಮ್ಮಗಳು ಎಲೆ ಹೊರಳಿಸಿ, "ಅಜ್ಜಾ, ನಿನ್ನ ಆಳು ಬಂದಾವು ನೋಡು" ಅಂದಳು. ಎಣಿಸಿದೆವು, ಒಂದೇ ಗಿಡದ ಮೇಲೆ ಏಳು ಗುಲಗಂಜಿ ಹುಳ.

ಓದುವ ರೈತಬಾಂಧವರೇ, ಹಬ್ಬಕ್ಕೆ ಹೊಲಕ್ಕೆ ಹೋದಾಗ ಉಂಡು ಎದ್ದು ಬರಬೇಡಿರಿ, ಮಕ್ಕಳ ಕೈ ಹಿಡಿದು ನಾಲ್ಕೂ ಬದು ಸುತ್ತಿ ಬರ್ರಿ. ನಿಮ್ಮ ಸೀಮೆಯಲ್ಲಿ ಚಳಿಗಾಲದ ಹೊಲದೂಟ ಯಾವ ದಿನ, ಬುತ್ತಿಯಲ್ಲಿ ಏನು ಒಯ್ಯುತ್ತೀರಿ, ಮುಯ್ಯಾಳು ಇನ್ನೂ ಉಳಿದಿದೆಯೇ, ನಾಲ್ಕು ಸಾಲು ಬರೆದು ಪತ್ರಿಕೆಗೆ ಕಳಿಸಿರಿ.