ಅವ್ವನ ದಮ್ಮಿಗೆ ಹಳೇ ಕಾಯಿಲೆಯೇ ಕಾರಣವೇ?

‘ತಮ್ಮಾ, ನಾಕ್ ಮೆಟ್ಲ ಹತ್ತಿದ್ರ ದಮ್ಮ ಬರಾಕತ್ತೇತಿ. ಗುಳಿಗಿ ತಗೊಂಡ್ರೂ ಕೆಮ್ಮು ಕಡಿಮಿ ಆಗವಲ್ದು.’

ರೋಣ ತಾಲ್ಲೂಕಿನ ಅಸೂಟಿಯಿಂದ ಅವ್ವ ಹೀಗೆ ಫೋನ್ ಮಾಡಿದಳು ಅಂದುಕೊಳ್ಳಿ. ಆಕೆಗೆ ಸಾರ್ಕಾಯ್ಡೋಸಿಸ್ ಇರುವುದು ಎರಡು ವರ್ಷದ ಹಿಂದೆಯೇ ಗೊತ್ತಾಗಿದೆ. ಬೆಂಗಳೂರಿನ ಆಫೀಸಿನಲ್ಲಿ ಕೂತ ಮಗ, ‘ಅದೇ ಜಾಸ್ತಿ ಆಗಿರ್ಬೇಕು, ಸ್ಟಿರಾಯ್ಡ್ ಗುಳಿಗಿ ಇನ್ನೊಂದು ತಗೋ’ ಎಂದುಬಿಟ್ಟರೆ? ಎಡವಟ್ಟಾಗುವುದು ಅಲ್ಲೇ.

ಏನಿದು ಕಾಯಿಲೆ?

ರೋಗನಿರೋಧಕ ಶಕ್ತಿ ದಾರಿ ತಪ್ಪಿ, ಅಂಗಾಂಗಗಳಲ್ಲಿ ಗ್ರಾನುಲೋಮ ಎಂಬ ಸಣ್ಣ ಗಂಟುಗಳು ಕಟ್ಟುತ್ತವೆ. ಹೆಚ್ಚಾಗಿ ಶ್ವಾಸಕೋಶ ಮತ್ತು ಎದೆಯೊಳಗಿನ ದುಗ್ಧಗ್ರಂಥಿಗಳಲ್ಲಿ. ಇದು ಅಂಟುರೋಗವಲ್ಲ. ಆದರೆ ಎಕ್ಸ್‌ರೇಯಲ್ಲಿ ಟಿಬಿಯಂತೆಯೇ ಕಾಣಬಹುದು. ಹಾಗಾಗಿ ನಮ್ಮಲ್ಲಿ ಎಷ್ಟೋ ಜನರಿಗೆ ಮೊದಲು ಟಿಬಿ ಮಾತ್ರೆಯೇ ಸಿಗುತ್ತದೆ.

ದಮ್ಮು ಹೆಚ್ಚಿದ್ದೇಕೆ?

* ಸೋಂಕು: ಸ್ಟಿರಾಯ್ಡ್ ನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಟಿಬಿ, ನ್ಯುಮೋನಿಯಾ, ಫಂಗಸ್ ನುಸುಳಬಹುದು. ಆಗ ಸ್ಟಿರಾಯ್ಡ್ ಹೆಚ್ಚಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ. ಸಾರ್ಕಾಯ್ಡೋಸಿಸ್ ಇದ್ದ ಅಮೆರಿಕದ ಹಾಸ್ಯನಟ ಬರ್ನಿ ಮ್ಯಾಕ್ 2008ರಲ್ಲಿ ತೀರಿಕೊಂಡಿದ್ದು ನ್ಯುಮೋನಿಯಾದ ತೊಡಕುಗಳಿಂದ. ಆಗ ಅವರಿಗೆ 50 ವರ್ಷ.
* ಮರುಕಳಿಕೆ ಅಥವಾ ಕಲೆ: ಕಾಯಿಲೆ ಮತ್ತೆ ಕೆರಳಿರಬಹುದು, ಇಲ್ಲವೇ ಶ್ವಾಸಕೋಶ ಗಾಯದ ಕಲೆಗಟ್ಟಿ ಬಿಗಿದಿರಬಹುದು. ಕೆರಳಿದ್ದಕ್ಕೆ ಔಷಧಿ ನಾಟುತ್ತದೆ, ಕಲೆಗೆ ಅಷ್ಟಾಗಿ ನಾಟದು.
* ಹೃದಯ: ಗಂಟುಗಳು ಹೃದಯಕ್ಕೂ ಬರಬಹುದು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವೂ ಏರಬಹುದು.
* ಔಷಧಿ: ಕೆಲವರಿಗೆ ಕೊಡುವ ಮೆಥೊಟ್ರೆಕ್ಸೇಟ್, ಅಪರೂಪಕ್ಕೆ ಶ್ವಾಸಕೋಶವನ್ನೇ ಕೆಣಕುತ್ತದೆ.

ರಕ್ತಹೀನತೆ, ಅಸ್ತಮಾ, ಒಲೆಯ ಹೊಗೆ, ರಾಶಿ ಮಾಡುವಾಗಿನ ಧೂಳು ಇವನ್ನೂ ಮರೆಯುವಂತಿಲ್ಲ.

ಪತ್ತೆ ಹೇಗೆ?

ಮೊದಲು ಕಫದ ಸಿಬಿನ್ಯಾಟ್ ಪರೀಕ್ಷೆ. ಯಂತ್ರಕ್ಕೆ ಹಾಕಿದ ಸುಮಾರು ಎರಡು ತಾಸಿನಲ್ಲಿ ಟಿಬಿ ಸುಳಿವು ಸಿಗುತ್ತದೆ. ಎಚ್‌ಆರ್‌ಸಿಟಿ ಸ್ಕ್ಯಾನ್ ಮತ್ತು ಉಸಿರಾಟ ಪರೀಕ್ಷೆಯ ಫಲಿತಾಂಶವನ್ನು ಹಳೆಯದರ ಜತೆ ಹೋಲಿಸುತ್ತಾರೆ. ಹೃದಯಕ್ಕೆ ಇಸಿಜಿ, ಎಕೋ. ಆಮೇಲೂ ಅನುಮಾನ ಉಳಿದರೆ ಬ್ರಾಂಕೋಸ್ಕೋಪಿ.

ನೀವು ಮಾಡಬೇಕಾದ್ದು

ಗದಗದ ಆಸ್ಪತ್ರೆಗೆ ಹೋಗಲಿ, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಲಿ, ಹಳೇ ಫಿಲ್ಮ್, ಬಯಾಪ್ಸಿ ವರದಿ, ಗುಳಿಗೆ ಚೀಟಿ ಎಲ್ಲಾ ಒಂದೇ ಚೀಲದಲ್ಲಿರಲಿ. ಫೋಟೊ ತೆಗೆದು ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ. ಸ್ಟಿರಾಯ್ಡನ್ನು ನೀವಾಗಿ ಹೆಚ್ಚಿಸಬೇಡಿ, ದಿಢೀರನೆ ನಿಲ್ಲಿಸಲೂ ಬೇಡಿ. ಕಫದಲ್ಲಿ ರಕ್ತ ಕಂಡರೆ, ತುಟಿ ನೀಲಿಯಾದರೆ, ಕಣ್ಣು ಕತ್ತಲಿಟ್ಟು ಬಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಮತ್ತೆ ಅವ್ವನ ಫೋನ್ ಬಂದರೆ ‘ಅದೇ ಇರ್ಬೇಕು ಬಿಡವ್ವಾ’ ಎನ್ನುವ ಬದಲು, ‘ಯಾವಾಗಿಂದ ಹಿಂಗಾಗೇತಿ? ಜ್ವರ ಐತೇನು? ತೂಕ ಇಳದೇತೇನು?’ ಎಂದು ಕೇಳಿ. ವೈದ್ಯರೂ ಮೊದಲು ಕೇಳುವುದು ಅದನ್ನೇ.