ಹವ್ಯಾಸಿ ರೇಡಿಯೋದ ಲಂಬ ಆಂಟೆನಾಗಳು

ವಿದ್ಯಾಸಂಸ್ಥೆಯೊಂದರಲ್ಲಿ ಹವ್ಯಾಸಿ ರೇಡಿಯೋ ಕೇಂದ್ರವನ್ನು ಸ್ಥಾಪಿಸುವ ಮಾತು ಬಂದಾಗ ದಾನಿಗಳ ಗಮನ ಮೊದಲು ಹರಿಯುವುದು ಪ್ರೇಷಕ ಯಂತ್ರದ ಕಡೆಗೆ. ಆದರೆ ಆ ಯಂತ್ರದ ಶಕ್ತಿಯಲ್ಲಿ ಎಷ್ಟು ಪಾಲು ಆಕಾಶವನ್ನು ಸೇರುತ್ತದೆ, ಎಷ್ಟು ಮಣ್ಣಿನಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಆಂಟೆನಾ. ಎತ್ತರದ ಗೋಪುರಕ್ಕೆ ಅನುಕೂಲವಿಲ್ಲದ ಕಡೆ ನೆಟ್ಟಗೆ ನಿಲ್ಲಿಸುವ ಲಂಬ ಆಂಟೆನಾವೇ ಒದಗಿಬರುತ್ತದೆ. ಅದು ಎಲ್ಲ ದಿಕ್ಕುಗಳಿಗೂ ಸಮನಾಗಿ, ಕಡಿಮೆ ಕೋನದಲ್ಲಿ ತರಂಗಗಳನ್ನು ಹೊರಡಿಸುವುದರಿಂದ ದೂರದೇಶಗಳ ಸಂಪರ್ಕಕ್ಕೆ ಯೋಗ್ಯವಾದುದು.

ಇವುಗಳಲ್ಲಿ ಸರಳವಾದುದು ಕಾಲು ತರಂಗದ ಕಂಬ. 14 ಮೆಗಾಹರ್ಟ್ಸ್‌ಗೆ ಸುಮಾರು 5 ಮೀಟರ್, 7 ಮೆಗಾಹರ್ಟ್ಸ್‌ಗೆ 10 ಮೀಟರ್ ಎತ್ತರ ಸಾಕು. ಆದರೆ ಇದು ಅರ್ಧ ಆಂಟೆನಾ ಮಾತ್ರ. ಉಳಿದರ್ಧವನ್ನು ನೆಲವೇ ಪೂರೈಸಬೇಕು. ಈ ಕಂಬದ ವಿಕಿರಣ ರೋಧ ಸುಮಾರು 36 ಓಮ್. ಒಣನೆಲದ ನಷ್ಟದ ರೋಧವೂ ಅಷ್ಟೇ ಇದ್ದರೆ 100 ವ್ಯಾಟ್‌ಗಳಲ್ಲಿ 50 ವ್ಯಾಟ್ ಅಕ್ಷರಶಃ ಮಣ್ಣುಪಾಲು! ಇದಕ್ಕೆ ಪರಿಹಾರವೆಂದರೆ ಬುಡದಿಂದ ಸುತ್ತಲೂ ತಾಮ್ರದ ತಂತಿಗಳನ್ನು ಸೂರ್ಯಕಿರಣಗಳಂತೆ ಹರಡುವುದು. ಅಮೆರಿಕದ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಎಂಬವರು 1937ರಲ್ಲಿ ಪ್ರಕಟಿಸಿದ ಪ್ರಯೋಗಗಳ ತರುವಾಯ ಪ್ರಸಾರ ಕೇಂದ್ರಗಳಲ್ಲಿ ನೂರಕ್ಕೂ ಮಿಕ್ಕಿದ ತಂತಿಗಳನ್ನು ಹೂಳುವುದು ರೂಢಿಯಾಯಿತು. ಹವ್ಯಾಸಿಗೆ ಅಷ್ಟು ಬೇಕಿಲ್ಲ; 16ರಿಂದ 32 ತಂತಿಗಳಲ್ಲಿಯೇ ಬಹುಪಾಲು ಪ್ರಯೋಜನ ದೊರೆಯುತ್ತದೆ.

ಸುರುಳಿ ಜೋಡಿಸಿ ಗಿಡ್ಡಗೊಳಿಸಿದ ಆಂಟೆನಾಗಳು ನೋಟಕ್ಕೆ ಚೆಂದ, ನಿಲ್ಲಿಸಲು ಸುಲಭ. ಆದರೆ ಎತ್ತರ ಅರ್ಧಕ್ಕಿಳಿದರೆ ವಿಕಿರಣ ರೋಧ ಸುಮಾರು 6 ಓಮ್‌ಗೆ ಕುಸಿಯುತ್ತದೆ. ಮೇಲೆ ಹೇಳಿದ ನೆಲದಲ್ಲಿಯೇ ನಿಲ್ಲಿಸಿದರೆ 100 ವ್ಯಾಟ್‌ಗಳಲ್ಲಿ ಆಕಾಶಕ್ಕೆ ಸಲ್ಲುವುದು ಹದಿನಾಲ್ಕೋ ಹದಿನೈದೋ ವ್ಯಾಟ್. ಸುರುಳಿಯ ನಷ್ಟ ಬೇರೆ. ಸ್ಥಳಾಭಾವವಿಲ್ಲದ ಶಾಲೆ ಇದಕ್ಕೆ ಹಣ ಸುರಿಯುವುದು ಸರಿಯೆಂದು ನನಗೆ ತೋರುವುದಿಲ್ಲ.

ಅರ್ಧ ತರಂಗದ ಕಂಬದಲ್ಲಿ ವಿದ್ಯುತ್ಪ್ರವಾಹ ನಡುಭಾಗದಲ್ಲಿ ಅಧಿಕ, ಬುಡದಲ್ಲಿ ಅತ್ಯಲ್ಪ. ಆದ್ದರಿಂದ ಹೂಳುವ ತಂತಿಗಳ ಹೊರೆ ಬಹಳಷ್ಟು ತಪ್ಪುತ್ತದೆ. ಆದರೆ ಬುಡದ ರೋಧ ಸಾವಿರಾರು ಓಮ್‌ಗಳಿಗೇರುವುದರಿಂದ 50 ಓಮ್ ಕೇಬಲ್ಲಿಗೆ ಹೊಂದಿಸಲು ಪರಿವರ್ತಕ ಬೇಕು, ಎತ್ತರವೂ ಇಮ್ಮಡಿ. ಎಂಟರಲ್ಲಿ ಐದು ಪಾಲು ತರಂಗದ ಆಂಟೆನಾ ಆದರ್ಶ ನೆಲದ ಮೇಲೆ ಕಾಲು ತರಂಗಕ್ಕಿಂತ ಸುಮಾರು 3 ಡೆಸಿಬೆಲ್ ಮೇಲು, ಅಂದರೆ ದಿಗಂತದ ಕಡೆಗೆ ಇಮ್ಮಡಿ ಶಕ್ತಿ. ಸಾಮಾನ್ಯ ನೆಲದಲ್ಲಿ ಈ ಲಾಭ ಬಹುಮಟ್ಟಿಗೆ ಕರಗುತ್ತದೆ. 14 ಮೆಗಾಹರ್ಟ್ಸ್‌ಗೆ ಅದು 13 ಮೀಟರ್ ಎತ್ತರವಾಗುವುದರಿಂದ ಶ್ರಮಕ್ಕೆ ತಕ್ಕ ಫಲವಿಲ್ಲ. 145 ಮೆಗಾಹರ್ಟ್ಸ್‌ಗಾದರೋ 1.3 ಮೀಟರ್ ಸಾಕು, ಮಾಳಿಗೆಯ ಮೇಲೆ ಸುಲಭವಾಗಿ ನಿಲ್ಲುತ್ತದೆ.

ಆದುದರಿಂದ ಶಾಲೆಯ ಮೊದಲ ಕೇಂದ್ರಕ್ಕೆ 14 ಮೆಗಾಹರ್ಟ್ಸ್‌ನ ಕಾಲು ತರಂಗದ ಕಂಬವನ್ನೇ ನಾನು ಸೂಚಿಸುವೆನು. ಐದೈದು ಮೀಟರಿನ 16 ತಂತಿಗಳೆಂದರೆ ಒಟ್ಟು 80 ಮೀಟರ್ ತಾಮ್ರ. ಮುಂಗಾರಿಗೆ ಮುನ್ನ ನೆಲದ ಮೇಲೆ ಬಿಗಿಯಾಗಿ ಹಾಸಿ ಮೊಳೆ ಹೊಡೆದಿಟ್ಟರೆ, ಬೆಳೆದ ಹುಲ್ಲೇ ಅವನ್ನು ಮುಚ್ಚಿಕೊಳ್ಳುತ್ತದೆ.